ರೂವಿಯಲ್ಲಿ ರಾಜ ಎರಡು ಸಲ ಸತ್ತದ್ದು

ಮಸ್ಕತ್ತಿನ ರೂವಿಯಲ್ಲಿ ನಡೆದ ನಾಟಕದಲ್ಲಿ ಸತ್ತ ರಾಜನನ್ನು ಎಬ್ಬಿಸಿದ್ದು ನಾನಲ್ಲ, ನಮ್ಮ ಮನೆಯವರು. ನಾನು ಬಾಯಿ ಕೊಟ್ಟೆ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿಯ ಕನ್ನಡದವರು ಬೇರೆ ಥರ ಹೇಳಿಕೊಂಡು ನಗುತ್ತಿದ್ದಾರೆ.

ಮೊನ್ನೆ ಅಲ್ ಮವಾಲೇಹ್ ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಗುಡ್ಡೆಯ ಆಚೆಯಿಂದ ಒಬ್ಬ ಹೆಂಗಸು ನನ್ನನ್ನು ನೋಡಿ, "ನೀವು ವನ್ಸ್ ಮೋರ್ ಅಜ್ಜಿ ಅಲ್ವಾ?" ಎಂದಳು.

"ಅಲ್ಲಮ್ಮ, ಅವರ ಹೆಂಡ್ತಿ" ಎಂದೆ. ಅವಳಿಗೆ ತಿಳಿಯಲಿಲ್ಲ. ನನಗೂ ಬದನೆಕಾಯಿ ಮುಖ್ಯವಾಗಿತ್ತು. ಇಲ್ಲಿ ನುಣ್ಣಗೆ ಹೊಳೆಯುವ ಕಾಯಿ ಬೇಕಾದಷ್ಟಿದೆ, ಎಣ್ಣೆಗಾಯಿಗೆ ಆಗುವ ಎಳೆಯದನ್ನು ಹುಡುಕಬೇಕು. ಆದರೆ ಮನೆಗೆ ಬಂದು ತೊಟ್ಟು ಬಿಡಿಸುವಾಗ ಆ ಮಾತೇ ಕಿವಿಯಲ್ಲಿತ್ತು.

ವನ್ಸ್ ಮೋರ್ ಎಂದರೇನೆಂದು ನಿಮ್ಮಲ್ಲಿ ಸಣ್ಣವರಿಗೆ ಗೊತ್ತಿರಲಿಕ್ಕಿಲ್ಲ. ಕಂಪನಿ ನಾಟಕದವರು ನಮ್ಮೂರಿನ ಸಂತೆ ಮಾಳದಲ್ಲಿ ತಗಡಿನ ಥಿಯೇಟರು ಹಾಕಿ ತಿಂಗಳುಗಟ್ಟಲೆ ಕೂರುತ್ತಿದ್ದರು. ಹಾಡು ಚೆನ್ನಾಗಿ ಬಂತೋ, ಜನ ಬೆಂಚು ಗುದ್ದಿ "ವನ್ಸ್ ಮೋರ್" ಎಂದು ಕೂಗುವುದು. ಹಾಡಿದವನು ಮತ್ತೆ ಹಾಡಲೇಬೇಕು. ಹಾಡಿ ಸತ್ತಿದ್ದರೂ ಸರಿಯೇ. ಹೆಣ ಏಳುತ್ತಿತ್ತು, ಪಂಚೆಯ ಧೂಳು ಕೊಡವುತ್ತಿತ್ತು, ಹಾರ್ಮೋನಿಯಂ ಕಡೆ ಕತ್ತು ಆಡಿಸಿ ಶ್ರುತಿ ತೆಗೆದುಕೊಂಡು ಪುನಃ ಹಾಡಿ ಪುನಃ ಸಾಯುತ್ತಿತ್ತು. ಇದರಲ್ಲಿ ಯಾರಿಗೂ ತಮಾಷೆ ಕಾಣುತ್ತಿರಲಿಲ್ಲ. ಎರಡನೆಯ ಸಲವೂ ಹೆಂಗಸರು ಅಳುತ್ತಿದ್ದರು. ನಾನು ಅಳುತ್ತಿರಲಿಲ್ಲ. ಎಬ್ಬಿಸಿದರೆ ಏಳುವವನಿಗೆ ಅಳುವುದೇಕೆ?

ನಮ್ಮವರು ಬಸ್ ಕಂಡಕ್ಟರು. ಅವರ "ರೈಟ್" ಕೇಳಿ ಬಸ್ಸು ಮಾತ್ರವಲ್ಲ, ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳೂ ಹೊರಡುತ್ತಿದ್ದವು. ಆ ಗಂಟಲಿಗೆ ನಾಟಕದ ಹುಚ್ಚು. ಥಿಯೇಟರಿನ ಬಾಗಿಲಲ್ಲಿ ಮಾರುತ್ತಿದ್ದ ನಾಟಕದ ಪುಸ್ತಕಗಳನ್ನು ತಂದು, ನಾನು ಅವರೆಕಾಯಿ ಸುಲಿಯುವಾಗ ಎದುರಿಗೆ ಕೂತು ಓದುತ್ತಿದ್ದರು. ರಾಜ, ರಾಣಿ, ಮಂತ್ರಿ, ದಾಸಿ ಎಲ್ಲ ಅವರೇ. ಕಂಸದೊಳಗೆ ಅಚ್ಚು ಹಾಕಿದ್ದನ್ನೂ ಬಿಡುತ್ತಿರಲಿಲ್ಲ. "ರಾಣಿ, ಕಣ್ಣೀರೊರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಪ್ರಭೂ!" ಎಂದು ಒಂದೇ ಉಸಿರಿಗೆ.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಗೆ ಮುಂಚೆ ನಾಟಕ ನೋಡಿದವಳಲ್ಲ. ನಾಟಕವೆಂದರೆ ಇಷ್ಟೂ ಸೇರಿದ್ದು ಎಂದುಕೊಂಡಿದ್ದೆ. ಮೊದಲ ಸಲ ಥಿಯೇಟರಿಗೆ ಹೋದಾಗ ರಾಣಿ ಬಂದಳು, ಸುಮ್ಮನೆ ಕಣ್ಣೊರೆಸಿಕೊಂಡಳು, ಸುಮ್ಮನೆ ಹಿಂದೆ ಸರಿದಳು, "ಪ್ರಭೂ" ಎಂದಳು.

"ರೀ, ಇವಳಿಗೆ ಅರ್ಧ ಮರ್ತೇ ಹೋಗಿದೆ" ಎಂದೆ.

ಅವರು ಟವೆಲ್ಲು ಬಾಯಿಗೆ ತುರುಕಿಕೊಂಡು ನಕ್ಕರು. ಮನೆ ತಲುಪುವವರೆಗೂ ನಕ್ಕರು. ಆಮೇಲೂ ಓದುವುದನ್ನು ಮಾತ್ರ ಬದಲಾಯಿಸಲಿಲ್ಲ. ನಿಜ ಹೇಳಬೇಕೆಂದರೆ ಥಿಯೇಟರಿನ ರಾಣಿಗಿಂತ ಇವರ ರಾಣಿಯೇ ನನಗೆ ಹಿಡಿಸಿದ್ದಳು. ಅವಳಿಗೆ ಮೀಸೆಯಿತ್ತು, ಆದರೆ ಒಂದು ಹೆಜ್ಜೆಯನ್ನೂ ಮುಚ್ಚಿಡುತ್ತಿರಲಿಲ್ಲ.

ಆ ಗಂಟಲು ಈಗ ಇಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಖುರುಮ್‌ನ ಒಂದು ಕಚೇರಿಯಲ್ಲಿರುವ ಮಗ ನಮ್ಮಿಬ್ಬರನ್ನೂ ಇಲ್ಲಿಗೆ ಕರೆಸಿಕೊಂಡ. ಒಳ್ಳೆಯ ಡಾಕ್ಟರು, ವ್ಯಾಯಾಮ ಮಾಡಿಸಲು ಮನೆಗೇ ಬರುವ ನರ್ಸು, ಯಾವುದಕ್ಕೂ ಕಡಿಮೆಯಿಲ್ಲ. ಇದ್ದ ತೊಂದರೆ ಒಂದೇ. ಅವರಿಗೆ ಏನೂ ಬೇಡವಾಗಿತ್ತು. ಊಟ ಕೊಟ್ಟರೆ ನುಂಗುವರು, ಕೊಡದಿದ್ದರೆ ಕೇಳುವುದಿಲ್ಲ. ಎಡಗೈ ಗಟ್ಟಿಯಾಗಿದೆ, ಸನ್ನೆ ಮಾಡಬಹುದು, ಮಾಡುವುದಿಲ್ಲ. ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕುಗಳನ್ನು ನೋಡುತ್ತ ಕೂತಿರುವರು. ಕಾಫಿಗೆ ಬೇಕೆಂದೇ ಉಪ್ಪು ಹಾಕಿ ನೋಡಿದೆ. ಕುಡಿದರು. ಆಗ ನನಗೆ ಹೆದರಿಕೆಯಾಯಿತು.

ಆ ಹೊತ್ತಿಗೆ ರೂವಿಯ ಒಂದು ಹಾಲಿನಲ್ಲಿ ಇಲ್ಲಿಯ ಕನ್ನಡದವರು ಸೇರಿ ಹಳೆಯ ಕಂಪನಿ ನಾಟಕ ಆಡುತ್ತಾರೆಂದು ಮೊಮ್ಮಗಳು ಸುದ್ದಿ ತಂದಳು. ರಾಜ್ಯ ಕಳೆದುಕೊಂಡ ರಾಜನ ಕಥೆ. ನಮ್ಮವರು ನನಗೆ ಎಷ್ಟೋ ಸಲ ಓದಿ ಹೇಳಿದ್ದೇ. ಮಗನಿಗೆ ಕರೆದುಕೊಂಡು ಹೋಗಲು ಮನಸ್ಸಿರಲಿಲ್ಲ. "ಅಪ್ಪಂಗೆ ಸುಸ್ತಾಗುತ್ತೆ ಅಮ್ಮ."

"ಕೂತ್ಕೊಂಡು ಸುಸ್ತಾಗೋದಾದ್ರೆ ಇಲ್ಲೂ ಆಗುತ್ತೆ. ಹೊರಡು" ಎಂದೆ.

ಶನಿವಾರ ಸಂಜೆ ಗಾಲಿ ಕುರ್ಚಿಯನ್ನು ಸಾಲಿನ ಅಂಚಿಗೆ ನಿಲ್ಲಿಸಿ ಕೂತೆವು. ನಾಟಕ ಚೆನ್ನಾಗಿರಲಿಲ್ಲ. ರಾಣಿ ಮೈಕನ್ನು ಹುಡುಕಿಕೊಂಡು ಓಡಾಡುತ್ತಿದ್ದಳು. ಹಗಲೆಲ್ಲ ಹಣ ಬದಲಾಯಿಸುವ ಎಕ್ಸ್‌ಚೇಂಜಿನಲ್ಲಿ ಲೆಕ್ಕ ಬರೆಯುವ ಮನುಷ್ಯ ರಾಜನಾಗಿದ್ದ, ಕಿರೀಟ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು. ಆದರೆ ಕೊನೆಯ ಹಾಡನ್ನು ಅವನು ಕಣ್ಣು ಮುಚ್ಚಿ ಹಾಡಿದ. ಸ್ವರ ಅಲ್ಲಲ್ಲಿ ಜಾರಿತು, ಮನುಷ್ಯ ಜಾರಲಿಲ್ಲ. ಹಾಡಿ, ರಾಣಿಯ ಮಡಿಲಲ್ಲಿ ತಲೆಯಿಟ್ಟು ಸತ್ತ.

ಜನ ಮರ್ಯಾದಸ್ಥರ ಹಾಗೆ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಇದ್ದ ಒಮಾನಿ ಕಾವಲಿನವನು "ಖಲಾಸ್?" ಎಂದು ಕೇಳಿ, ಮುಗಿಯಿತೆಂದುಕೊಂಡು ಬಾಗಿಲು ತೆರೆಯಲು ಎದ್ದ.

ಆಗ ಪಕ್ಕದಲ್ಲಿ ದಬ್ ದಬ್ ಎಂದಿತು. ನೋಡಿದರೆ ನಮ್ಮವರು. ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದುತ್ತಿದ್ದರು. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಗಾಳಿ ಮಾತ್ರ ಬರುತ್ತಿತ್ತು.

ಮಗ ಥಟ್ಟನೆ ಎದ್ದ. "ಅಪ್ಪಂಗೆ ಬಾತ್‌ರೂಮಿಗೆ ಅವಸರ ಆಗಿರ್ಬೇಕು" ಎಂದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ. ಅವರು ಇನ್ನೂ ಜೋರಾಗಿ ಗುದ್ದಿದರು. ಒಂದು ವರ್ಷದ ಮೇಲೆ ಮನುಷ್ಯ ಒಂದನ್ನು ಬೇಕೆಂದಿದ್ದಾನೆ, ಅಷ್ಟರಲ್ಲಿ ಮಗ ಹೊರಗೆ ನೂಕಿಕೊಂಡು ಹೋಗುತ್ತಿದ್ದಾನೆ. ಬೆಂಚು ಗುದ್ದುವ ಆ ಲೆಕ್ಕ ನನಗಲ್ಲದೆ ಇನ್ನಾರಿಗೆ ಗೊತ್ತು? ನಾನು ಎದ್ದು ನಿಂತು ಕೂಗಿದೆ.

"ವನ್ಸ್ ಮೋರ್!"

ಮೊಮ್ಮಗಳು ನನ್ನ ಸೆರಗು ಜಗ್ಗಿ, "ಅಜ್ಜಿ, ಪ್ಲೀಸ್, ಎಲ್ರೂ ನೋಡ್ತಿದ್ದಾರೆ" ಎಂದಳು. ನೋಡಲೆಂದೇ ತಾನೇ ಬಂದಿರುವುದು! ಹಿಂದಿನ ಸಾಲಿನಲ್ಲಿ ರೂವಿಯಲ್ಲೇ ಬಟ್ಟೆ ಅಂಗಡಿಯಿಟ್ಟಿರುವ ಮಂಗಳೂರು ಕಡೆಯ ಬ್ಯಾರಿ ಸಾಹೇಬರಿದ್ದರು, ಬಿಳಿ ಗಡ್ಡದವರು. "ಇನ್ನು ಸ್ವಲ್ಪ ಜೋರು ಹೇಳಿ ಅಮ್ಮಾ, ರಾಜನಿಗೆ ಕೇಳ್ಲಿಲ್ಲ ಮಾರಾಯ್ರೆ" ಎಂದವರು, ನಾನು ಬಾಯಿ ತೆರೆಯುವ ಮೊದಲೇ ತಾವೇ "ಯಲ್ಲಾ! ವನ್ಸ್ ಮೋರ್!" ಎಂದರು. ಅಲ್ಲೊಬ್ಬ ಇಲ್ಲೊಬ್ಬ ವಯಸ್ಸಾದವರು ದನಿ ಸೇರಿಸಿದರು.

ರಾಜ ಒಂದು ಕಣ್ಣು ತೆರೆದ. ರಾಣಿಯನ್ನು ನೋಡಿದ, ಕೀಬೋರ್ಡಿನವನನ್ನು ನೋಡಿದ. ಆಮೇಲೆ ಎದ್ದು, ಕಿರೀಟ ಸರಿಮಾಡಿಕೊಂಡು, ಮೊದಲಿನಿಂದ ಹಾಡಿದ. ಕಾವಲಿನವನು ತೆರೆದ ಬಾಗಿಲನ್ನು ಮುಚ್ಚಿ ಕೂತ. ಹಾಡು ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ಸಾವು ಮಾತ್ರ ಚೆನ್ನಾಗಿ ಬಂತು. ನಮ್ಮವರ ಕೈ ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಬಿದ್ದಿತ್ತು. ಕಣ್ಣಲ್ಲಿ ನೀರಿತ್ತು. ನಾನು ಒರೆಸಲಿಲ್ಲ, ಅದು ಅವರ ನೀರು.

ಕಾರಿನಲ್ಲಿ ಮಗ, "ಏನಮ್ಮ ಇದು, ಎಲ್ಲರ ಎದುರಿಗೆ" ಎಂದ.

"ನಿಮ್ಮಪ್ಪನ್ನ ಕೇಳು. ನಾನು ಹೇಳಿದ್ದು ಅವರ ಮಾತು" ಎಂದೆ. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು, ಎಂದಿನ ಹಾಗೆಯೇ. ಅಲ್ಲಿಗೆ ಮುಗಿಯಿತೋ ಏನೋ ಎಂದು ನನಗೆ ಮತ್ತೆ ಅದೇ ಹೆದರಿಕೆ.

ಮರುದಿನ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಪೆಟ್ಟಿಗೆಯಿಂದ ಆ ನಾಟಕದ ಹಳೆಯ ಪುಸ್ತಕ ತೆಗೆದೆ. ರಟ್ಟು ಹೋಗಿದೆ, ಅವರೆಸೊಗಡಿನ ಕಲೆ ಇದೆ. ಬರುವಾಗ ಉಪ್ಪಿನಕಾಯಿ ಡಬ್ಬಿಯ ಅಡಿಗೆ ಇಟ್ಟು ತಂದಿದ್ದೆ, ಯಾಕೆ ತಂದೆನೋ. ಒಲೆಯ ಮೇಲೆ ಹಾಲಿಟ್ಟು, ಅವರ ಎದುರಿಗೆ ಕುಕ್ಕರಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ಕೊನೆಯ ಭಾಗ ಓದತೊಡಗಿದೆ. ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ ನನ್ನ ಓದು. ಕಂಸದೊಳಗಿನದನ್ನೂ ಬಿಡಲಿಲ್ಲ. "ರಾಜ, ಎದೆಯ ಮೇಲೆ ಕೈಯಿಟ್ಟು, ಮೆಲ್ಲಗೆ, ದೇವಿ, ಆ ದೀಪವನ್ನು ಇತ್ತ ಸರಿಸು, ನಿನ್ನ ಮುಖ ಕಾಣುತ್ತಿಲ್ಲ." ಆಮೇಲೆ ಹಾಡು. ಹಾಡಲು ನನಗೆ ಬರುವುದಿಲ್ಲ, ಅದನ್ನೂ ಓದಿದೆ. "ರಾಜನು ಸಾಯುವನು. ಪರದೆ ಬೀಳುವುದು."

ತಲೆಯೆತ್ತಿದೆ. ಅವರು ನೀರಿನ ಟ್ಯಾಂಕು ನೋಡುತ್ತಿದ್ದರು. ಕನ್ನಡಕ ತೆಗೆದು, ಪುಸ್ತಕ ಮಡಿಸಿ, ಹಾಲು ನೋಡಲು ಎದ್ದೆ.

ಅಡಿಗೆಮನೆಯ ಹೊಸ್ತಿಲಲ್ಲಿದ್ದೆ. ಹಿಂದಿನಿಂದ ದಬ್ ಎಂದಿತು. ಮತ್ತೆ ದಬ್ ದಬ್.

"ಬಂದೆ, ತಡೀರಿ. ಹಾಲು ಉಕ್ತಾ ಇದೆ" ಎಂದು ಗದರಿದೆ. ಒಲೆ ಆರಿಸಿದೆ, ಕೈ ಒರೆಸಿಕೊಂಡೆ, ಕನ್ನಡಕ ಹಾಕಿಕೊಂಡೆ. ಹೋಗಿ ರಾಜನನ್ನು ಎಬ್ಬಿಸಿದೆ.