ಕೈ ತಟ್ಟದ ಶಾರವ್ವ

ತಡಸದ ಶಾರವ್ವನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಆಕೆಯ ಜೊತೆ ಕೆಲಸ ಮಾಡುವ ದಿಲ್ಶಾದಳಿಗೆ ಇದು ಚೆನ್ನಾಗಿ ಗೊತ್ತು. ಹುಳ ಹಿಡಿದ ಬೇಳೆ ಬಂದ ದಿನ ಶಾರವ್ವ ಚೀಲ ತಂದವನ ಹತ್ತಿರ ಹೋಗಿ ಮೆಲ್ಲಗೆ ಏನೋ ಅಂದಳು. ಆತ ಮರುಮಾತಾಡದೆ ಚೀಲ ಹೊತ್ತು ವಾಪಸ್ ಹೋದ.

ಆಕೆಯ ಭಕ್ತಿಯೂ ಹಾಗೇ, ಸದ್ದಿಲ್ಲದ್ದು. ಊರಂಚಿನ ಹಂಚಿನ ಮಾಡಿನ ಚರ್ಚು ಆಕೆಯ ಅಜ್ಜನ ಕಾಲದ್ದು. ಕೆರೆಯ ನೀರು ಮುಟ್ಟಗೊಡದ ಊರಿನ ಮೇಲೆ ಸಿಟ್ಟಾಗಿ ಯೇಸುವಿನ ಕಡೆ ಹೋದವನು ಆ ಅಜ್ಜ. ಶಾರವ್ವ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಕಸ ಹೊಡೆದು ಜಮಖಾನೆ ಹಾಸುತ್ತಾಳೆ, ತಲೆ ಮೇಲೆ ಸೆರಗು ಹೊದ್ದು ಕೂರುತ್ತಾಳೆ. ಹಾಡಿದರೆ ಪಕ್ಕದವರಿಗಷ್ಟೇ ಕೇಳುತ್ತದೆ. ನಸುಕಿನಲ್ಲಿ ಒಲೆ ಹೊತ್ತಿಸುವ ಮುಂಚೆ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕೂರುವುದೇ ಆಕೆಯ ಪ್ರಾರ್ಥನೆ. ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಗಂಜಿ ಒಯ್ಯುತ್ತಾಳೆ, ಅವರ ಮೈಲಿಗೆ ಬಟ್ಟೆ ಒಗೆದು ಹಾಕಿ ಬರುತ್ತಾಳೆ. ಗಂಡ ಸತ್ತ ವರ್ಷವೂ ಇದ್ಯಾವುದೂ ತಪ್ಪಲಿಲ್ಲ.

ಆಕೆಗೆ ಒಬ್ಬನೇ ತಮ್ಮ, ರವಿಕುಮಾರ. ಅವ್ವ ಬೇಗ ತೀರಿಕೊಂಡಿದ್ದರಿಂದ ಆಕೆಯೇ ಸಾಕಿದವಳು. ಚಿಕ್ಕಂದಿನಿಂದ ಅವನಿಗೆ ಫಿಟ್ಸ್. ದಿನಾ ಗುಳಿಗೆ ನುಂಗಿದರೆ ವರ್ಷಗಟ್ಟಲೆ ಆರಾಮಾಗಿರುತ್ತಿದ್ದ. ಹೈವೇ ಬದಿಗೆ ಮಿರ್ಚಿ ಭಜಿಯ ಗಾಡಿ ಇಟ್ಟುಕೊಂಡಿದ್ದ, ಹೆಂಡತಿ ಸಮತಾ ಹಿಟ್ಟು ಕಲಸಿ ಕೊಡುತ್ತಿದ್ದಳು.

ಹಿಂದಿನ ವರ್ಷ ಹುಬ್ಬಳ್ಳಿ ಕಡೆಯಿಂದ ಜಯರಾಜ ಎಂಬ ಬೋಧಕ ಬಂದು ಊರ ಹೊರಗೆ ತಗಡಿನ ಶೆಡ್ ಹಾಕಿದ. ಎಲ್ಲರೂ ಅವನನ್ನು ಬ್ರದರ್ ಅನ್ನುತ್ತಿದ್ದರು. ಡ್ರಮ್ಮು, ಕೀಬೋರ್ಡು, ಆಳೆತ್ತರದ ಸ್ಪೀಕರು. ರವಿಗೆ ಒಳ್ಳೆಯ ಕಂಠವಿತ್ತು, ಬ್ರದರ್ ಅವನ ಕೈಗೆ ಮೈಕ್ ಕೊಟ್ಟ. ನಾಲ್ಕು ಜನರ ನಡುವೆ ತಲೆ ಎತ್ತದ ತಮ್ಮ ಬೆವರು ಸುರಿಸಿ ಹಾಡುತ್ತ ಕುಣಿಯುವುದನ್ನು ಶಾರವ್ವ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದಳು. ಖುಷಿಯೇ ಆಯಿತು. ಆದರೆ ಆಕೆಗೆ ಕೈ ತಟ್ಟಲು ಬರಲಿಲ್ಲ. ಬ್ರದರ್ ಅದನ್ನು ಗಮನಿಸಿದ್ದ.

ಕೆಲ ದಿನಗಳಲ್ಲಿ ರವಿಯ ಮನೆಯಲ್ಲಿ ಪ್ರಾರ್ಥನಾಕೂಟ ನಡೆಯಿತು, ಶಾರವ್ವನೂ ಹೋಗಿದ್ದಳು. ಎಲ್ಲರೂ ಕೂಗಿ ಪ್ರಾರ್ಥಿಸುವಾಗ ಬ್ರದರ್ ಕೈ ಎತ್ತಿ ನಿಲ್ಲಿಸಿದ.

"ಅಕ್ಕಾರ, ಎಲ್ಲಾರೂ ಬಾಯಿ ತಗದಾರ, ನೀವೊಬ್ಬರ ಮುಚ್ಚೀರಿ. ನಿಮ್ಮಂಥಾವ್ರು ಮನಿಯೊಳಗ ಇದ್ರ ತಮ್ಮನ ರೋಗ ಹೆಂಗ ಹೋದೀತು?"

ಮನೆ ತುಂಬ ಜನ ತಿರುಗಿ ನೋಡಿದರು. ಶಾರವ್ವ ಎದ್ದು ನೀರು ಕುಡಿದು ಮತ್ತೆ ಬಂದು ಕೂತಳು. ತಮ್ಮನ ಮನೆಯಲ್ಲಿ ರಂಪ ಬೇಡವೆಂದು ನುಂಗಿಕೊಂಡಳು.

ಆಮೇಲೆ ಒಂದು ಸಂಜೆ ಸಮತಾ ಅಳುತ್ತ ಬಂದಳು. "ಅಕ್ಕಾರ, ಇವರು ಗುಳಿಗಿ ಗಟಾರಕ್ಕ ಒಗದಾರ. ನಾ ಗುಣಾ ಆಗೇನಿ ಅಂತ ಸ್ಟೇಜ್ ಮ್ಯಾಲೆ ಸಾಕ್ಷಿ ಹೇಳಿದ್ರು. ಗುಳಿಗಿ ಇಟ್ಕೊಂಡ್ರ ನಂಬಿಕಿ ಇಲ್ಲಂದಂಗ ಅಂತ ಬ್ರದರ್ ಹೇಳ್ಯಾರಂತ."

ಶಾರವ್ವ ಆಗಲೇ ಹೊರಟಳು. ರವಿ ಗಾಡಿಯ ಹತ್ತಿರ ಮೆಣಸಿನಕಾಯಿ ಸೀಳುತ್ತಿದ್ದ.

"ನಾ ಇಷ್ಟ ದಿನ ನಿನಗ ಗುಳಿಗಿ ನುಂಗ್ಸಿದ್ದೂ ನಂಬಿಕಿ ಇಟ್ಟ ಮತ್ತ," ಅಂದಳು.

"ನಿನಗ ಹೇಳಿದ್ರ ತಿಳಿಯೂದಿಲ್ಲಕ್ಕ. ನೀ ಬರೇ ಸುಮ್ಮ ಕುಂತು ಎದ್ದ ಬರಾಕಿ."

ಆಕೆ ಹೊಸ ಗುಳಿಗೆ ತಂದುಕೊಟ್ಟಳು. ಅವನು ಮುಟ್ಟಲಿಲ್ಲ.

ಸಂತೆಯ ದಿನ, ಗಾಡಿಯ ಮುಂದೆ ಜನ ನಿಂತಿರುವಾಗ, ಅವನಿಗೆ ಫಿಟ್ಸ್ ಬಂತು. ಬೀಳುವಾಗ ಬಲಗೈ ಕುದಿಯುವ ಎಣ್ಣೆಯ ಬಾಣಲೆಗೆ ಹೋಯಿತು. ಗೂಡ್ಸ್ ಆಟೋದ ರಫೀಕ ಅವನನ್ನು ಎತ್ತಿ ಹಾಕಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿಸಿದ. ಜೀವ ಉಳಿಯಿತು. ಬೆರಳುಗಳು ಮುರುಟಿಕೊಂಡವು, ಇನ್ನು ಬಿಚ್ಚುವುದಿಲ್ಲ ಅಂದರು ಡಾಕ್ಟರು. ಬ್ರದರ್ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಆ ಭಾನುವಾರ ಮಾತ್ರ ಮೈಕಿನಲ್ಲಿ, ಆ ಮನೆಯಲ್ಲಿ ಒಬ್ಬರಿಗೆ ಅಪನಂಬಿಕೆ ಇತ್ತು, ಅದಕ್ಕೇ ಹೀಗಾಯಿತು ಅಂದನಂತೆ.

ಮುಂದಿನ ಭಾನುವಾರ ಶಾರವ್ವ ಚರ್ಚಿಗೆ ಹೋಗಲಿಲ್ಲ, ಶೆಡ್ಡಿಗೆ ಹೋದಳು. ಒಳಗೆ ಡ್ರಮ್ಮು ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿದ್ದರು. ಜನರ ನಡುವೆ ಹಾದು ಮುಂದೆ ಹೋಗಿ ಗೋಡೆಯ ಬಟನ್ ಆಫ್ ಮಾಡಿದಳು. ಸ್ಪೀಕರು ಸತ್ತುಹೋಯಿತು. ಡ್ರಮ್ಮಿನವನು ಕೋಲು ಎತ್ತಿಕೊಂಡೇ ಕೂತ.

"ನನ್ನ ತಮ್ಮಗ ಗುಳಿಗಿ ಬಿಡು ಅಂದಾವ್ರು ನೀವು. ಅದನ್ನ ಈ ಮಂದಿ ಮುಂದ ಹೇಳ್ರಿ."

ಹಿಂದಿನವರಿಗೆ ಕೇಳಿಸದೆ ಅವರು ಎದ್ದು ಹತ್ತಿರ ಬಂದರು.

"ನಾ ಹೇಳಿಲ್ಲರಿ ಅಕ್ಕಾರ, ದೇವರು ಹೇಳಿಸ್ಯಾನ," ಅಂದ ಬ್ರದರ್.

"ದೇವರ ಹೆಸರು ತಗೋಬ್ಯಾಡ್ರಿ. ನಿಮ್ಮ ಹೆಸರು ತಗೋರಿ."

ಅವನು ಮೈಕಿಲ್ಲದೆಯೇ ಹಾಡು ಎತ್ತಿಕೊಂಡ. ಒಂದಷ್ಟು ಜನ ದನಿಗೂಡಿಸಿದರು. ಆದರೆ ಮುಂದೆ ಕೂತಿದ್ದ ಮುದುಕಿಯೊಬ್ಬಳು, "ನನಗೂ ಸಕ್ರಿ ಗುಳಿಗಿ ಬಿಡು ಅಂದಿದ್ದಿಲ್ಲೇನು ನೀನು," ಎಂದು ಚಪ್ಪಲಿ ಹುಡುಕಿಕೊಂಡು ಹೊರಟಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ಮಳೆಗಾಲಕ್ಕೆ ಮುಂಚೆ ಬ್ರದರ್ ತಗಡು ಬಿಚ್ಚಿಕೊಂಡು ಬೇರೆ ಊರಿಗೆ ಹೋದ. ಅಲ್ಲಿ ಈಗ ಯಾರಿಗೆ ಏನು ಬಿಡಿಸುತ್ತಿದ್ದಾನೋ.

ಆಸ್ಪತ್ರೆಯಿಂದ ಬಂದ ರವಿ ಅಕ್ಕನ ಮುಖ ನೋಡಲಿಲ್ಲ. ಗುಳಿಗೆ ಕೊಟ್ಟರೆ ಈಗ ಎಡಗೈಯಲ್ಲಿ ತೆಗೆದುಕೊಂಡು ನುಂಗುತ್ತಿದ್ದ, ಅಷ್ಟೇ. ಒಂದು ದಿನ ಬಾಯಿ ಬಿಟ್ಟ.

"ಅವರು ಮಾಡಿದ್ದು ತಪ್ಪ, ನನಗ ಗೊತ್ತೈತಿ. ಆದ್ರ ನನ್ನ ಕೈಯಾಗ ಮೈಕ್ ಕೊಟ್ಟಾವ್ರು ಅವರು. ನಿಮ್ಮ ಚರ್ಚಿನ್ಯಾಗ ನಾ ಎಲ್ಲಿ ಕೂಡತಿದ್ದೆ, ಹೇಳು."

ಅವನು ಕೂರುತ್ತಿದ್ದದ್ದು ಬಾಗಿಲ ಪಕ್ಕ. ಬಿದ್ದರೆ ಹೊರಗೆ ಒಯ್ಯಲು ಸುಲಭವೆಂದು ಹಿರಿಯರು ಅವನನ್ನು ಅಲ್ಲೇ ಕೂರಿಸುತ್ತಿದ್ದರು. ಅಲ್ಲಿ ಜಮಖಾನೆ ಹಾಸಿಕೊಡುತ್ತಿದ್ದವಳು ಶಾರವ್ವನೇ. ಅಷ್ಟು ದಿನ ಬ್ರದರ್ ಮೇಲಿದ್ದ ಸಿಟ್ಟು ಈಗ ಚರ್ಚಿನ ಮೇಲೆ, ತನ್ನ ಮೇಲೆ ತಿರುಗಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿರಿಯ ಫಕ್ಕೀರಪ್ಪನನ್ನು ತಡೆದು ನಿಲ್ಲಿಸಿದಳು.

"ಮುಂದಿನ ವಾರದಿಂದ ಹಾಡು ರವಿ ಎತ್ತತಾನ್ರಿ. ಮುಂದ ನಿಂತು."

ಫಕ್ಕೀರಪ್ಪ ಗಡ್ಡ ಕೆರೆದುಕೊಂಡ. "ಒಳ್ಳೇದ ಶಾರವ್ವ. ಆದ್ರ ಹಾಡೂವಾಗ ಬಿದ್ರ?"

"ಬಿದ್ರ ಎಬ್ಬಸೂಣ್ರಿ. ಅದನ್ನೂ ಮಾಡಾಕ ಆಗೂದಿಲ್ಲಂದ್ರ ಇಲ್ಲಿ ಕುಂತು ಏನ ಮಾಡಾಕತ್ತೇವಿ?"

ರವಿ ಮೊದಲ ಎರಡು ವಾರ ಬರಲಿಲ್ಲ. ಮೂರನೆಯ ವಾರ ಸಮತಾಳ ಜೊತೆ ಬಂದ, ಸುಟ್ಟ ಕೈಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಹಾಡಿದ. ಡ್ರಮ್ಮಿಲ್ಲ, ಮೈಕಿಲ್ಲ. ಒಂದು ಹಾಡಿನ ನಡುವೆ ತಾನಾಗಿಯೇ ದನಿ ಏರಿಸಿದ, ಮುದುಕರು ಕತ್ತು ಹೊರಳಿಸಿದರು, ಯಾರೂ ಬೇಡವೆನ್ನಲಿಲ್ಲ. ಈಗ ಕೆಲವು ವಾರ ಬರುತ್ತಾನೆ, ಕೆಲವು ವಾರ ಇಲ್ಲ. ಅಕ್ಕನ ಜೊತೆ ಮಾತು ಅಗತ್ಯವಿದ್ದಷ್ಟೇ.

ಶಾರವ್ವನ ಸಿಟ್ಟು ಹೋಗಿಲ್ಲ. ಎಲ್ಲರೂ ಕೂಡಿ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಆಕೆ ತುಟಿ ಮುಚ್ಚುತ್ತಾಳೆ, ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಾಳೆ. ಫಕ್ಕೀರಪ್ಪ ಒಮ್ಮೆ ಕೇಳಿದ.

"ಆ ಸಾಲು ಯಾಕ ಬಿಡ್ತಿ ಶಾರವ್ವ?"

"ದೇವರ ಮುಂದ ಸುಳ್ಳು ಹೇಳಾಕ ಬರೂದಿಲ್ಲರಿ. ಖರೇ ಆದ ದಿನ ಹೇಳ್ತೇನಿ. ಅಲ್ಲೀತನಕ ನನ್ನ ಸಿಟ್ಟು ಆ ದೇವರಿಗೂ ಗೊತ್ತಿರಲಿ."

ಹಾಗೆಂದು ಜಮಖಾನೆ ಸುತ್ತಿ ಮೂಲೆಗಿಟ್ಟು, ಸೀದಾ ತಮ್ಮನ ಮನೆಗೆ ನಡೆದಳು. ಅವನ ಕೈಗೆ ಎಣ್ಣೆ ಹಚ್ಚಿ ಬೆರಳು ನೀವುವ ಹೊತ್ತಾಗಿತ್ತು.