ಬಂದೂಕಿಲ್ಲದ ವಿಮಾನ

ಹೋದ ವಾರ ಮದ್ರಾಸಿನ ಪುರಸೈವಾಕ್ಕಂನಲ್ಲಿ ಹಳೇ ಫೋಟೋ ಸ್ಟುಡಿಯೋ ಒಂದನ್ನು ಖಾಲಿ ಮಾಡುತ್ತಿದ್ದರು. ಹೊರಗಿಟ್ಟಿದ್ದ ಟ್ರೇಗಳಿಂದ ಹುಳಿಹುಳಿ ಕೆಮಿಕಲ್ ವಾಸನೆ ಬಂತು. ಥಟ್ಟನೆ ಮಹಡಿ ಮೇಲಿನ ಮನೆಯ ಮಾಮ ನೆನಪಾದರು. ಭಾನುವಾರ ಬಚ್ಚಲ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಅವರು ಫೋಟೋ ತೊಳೆಯುವಾಗ ಇದೇ ವಾಸನೆ ಮೆಟ್ಟಿಲಿಳಿದು ನಮ್ಮನೆವರೆಗೂ ಬರುತ್ತಿತ್ತು...

ಮಾಮ ವಾಯುಸೇನೆಯಲ್ಲಿ ಪೈಲಟ್ ಆಗಿದ್ದವರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು, ಮಾತಲ್ಲಿ ಅರ್ಧ ತಮಿಳು. ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ಕನ್ನಡ ಮಾತಾಡಲು ಆ ಕಟ್ಟಡದಲ್ಲಿ ಸಿಕ್ಕಿದ್ದು ಅವರು ಮತ್ತು ಅವರ ಹೆಂಡತಿ ಮಾಮಿ ಮಾತ್ರ.

ಯುದ್ಧದಲ್ಲಿ ಶತ್ರುವಿನ ನೆಲದ ಮೇಲೆ ಹಾರಿ ಫೋಟೋ ತೆಗೆಯುವುದು ಅವರ ಕೆಲಸ. ವಿಮಾನದಲ್ಲಿ ಕ್ಯಾಮೆರಾ ಇತ್ತು, ಬಂದೂಕಿರಲಿಲ್ಲ. "ಕೆಳಗಿಂದ ಗುಂಡು ಹಾರಿಸ್ತಿದ್ರೂ ಆ ಕಡೆ ಈ ಕಡೆ ತಿರುಗಿಸೋ ಹಾಗಿಲ್ಲ ಕಣಮ್ಮ. ಅಲುಗಾಡಿದ್ರೆ ಫೋಟೋ ಪೋಚು, ಹೋಯ್ತು ಅಷ್ಟೇ!" ಎಂದಿದ್ದರು.

ಒಂದು ಸಲ ನದಿಯಾಚೆ ಟ್ಯಾಂಕುಗಳಿವೆಯೇ ನೋಡಲು ಎರಡು ವಿಮಾನಗಳಲ್ಲಿ ಇಬ್ಬರು ಹೋದರಂತೆ. ಮೋಡ ಅಡ್ಡ ಬಂತು, ಏನೂ ಕಾಣಲಿಲ್ಲ. ವಾಪಸು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮಾರನೇ ದಿನ ನಮ್ಮ ಸೈನಿಕರು ಅಲ್ಲೇ ನದಿ ದಾಟುವವರಿದ್ದರು. ಇಬ್ಬರೂ ಮೋಡದ ಕೆಳಗಿಳಿದು ಮತ್ತೆ ಅತ್ತಲೇ ತಿರುಗಿದರು. ಅಷ್ಟರಲ್ಲಿ ಕೆಳಗಿನವರು ಫಿರಂಗಿ ಎತ್ತಿ ಕಾಯುತ್ತಿದ್ದರು. ಮಾಮ ಅಲುಗದೆ ಹಾರಿ ಫೋಟೋ ತಂದರು. ಜೊತೆಯವರು ಬರಲಿಲ್ಲ... ಆ ಫೋಟೋದಲ್ಲಿ ಮರಗಳ ಕೆಳಗೆ ಸಾಲುಸಾಲು ಟ್ಯಾಂಕುಗಳಿದ್ದವಂತೆ. ಸೈನ್ಯ ಬೇರೆ ಕಡೆ ದಾಟಿತು. ಯಾರಿಂದ ತಾವು ಉಳಿದೆವೆಂದು ಆ ಹುಡುಗರಿಗೆ ಗೊತ್ತಾಗಲೇ ಇಲ್ಲ.

ಒಂದು ಸ್ವಾತಂತ್ರ್ಯ ದಿನ ನಮ್ಮ ಕಟ್ಟಡದ ಅಸೋಸಿಯೇಷನ್ ಸೆಕ್ರೆಟರಿ ಮೈಕಿನಲ್ಲಿ ತಮಿಳಲ್ಲಿ ಕೇಳಿದರು, ಯುದ್ಧದಲ್ಲಿ ಸಾರ್ ಎಷ್ಟು ವಿಮಾನ ಹೊಡೆದುರುಳಿಸಿದಿರಿ ಎಂದು.

"ಒಂದೂ ಇಲ್ಲ. ಫೋಟೋ ತೆಗೀತಿದ್ದೆ," ಎಂದರು ಮಾಮ.

ಎಲ್ಲರೂ ನಕ್ಕರು. ಹಾಗಾದರೆ ನಮ್ಮ ಗ್ರೂಪ್ ಫೋಟೋನೂ ನೀವೇ ತೆಗೆಯಿರಿ ಎಂದು ಸೆಕ್ರೆಟರಿ ತಮಾಷೆ ಮಾಡಿದರು. ಮಾಮ ಎದ್ದು ಹೋಗಿ ನಿಜವಾಗಿಯೂ ತೆಗೆದರು! ನನಗೆ ಮೈ ಉರಿದುಹೋಯಿತು.

"ಯಾಕೆ ಮಾಮ, ನಡೆದಿದ್ದು ಹೇಳಬಾರದಿತ್ತಾ?" ಮೆಟ್ಟಿಲ ಮೇಲೆ ಜಗಳಕ್ಕೇ ನಿಂತೆ.

"ಹೇಳಿದ್ರೆ ವಾಪಸು ಬರದೇ ಇದ್ದವನ ವಿಷಯಾನೂ ಹೇಳ್ಬೇಕಲ್ಲಮ್ಮ. ಇನ್ನೊಂದು ಸಲ ಹೋಗೋಣ ಅಂದಿದ್ದು ನಾನು."

ಆಮೇಲೆ ನಾನು ಆ ಮಾತೆತ್ತಲಿಲ್ಲ.

ಮಾಮ ಹೋಗಿ ವರ್ಷವಾಯಿತು. ಈ ಆಗಸ್ಟಿನಲ್ಲಿ ನಾನೇ ಮೈಕ್ ಕೇಳಿದೆ. "ಓ, ಫೋಟೋ ಅಂಕಲ್ ಬಗ್ಗೆಯಾ? ಬೇಗ ಮುಗಿಸಿ ಮೇಡಂ, ಟಿಫನ್ ಆರಿಹೋಗತ್ತೆ," ಎಂದರು ಅದೇ ಸೆಕ್ರೆಟರಿ. ನನ್ನ ಹರುಕು ತಮಿಳಲ್ಲಿ ಶುರು ಮಾಡಿದೆ. ಮೋಡ ಅಡ್ಡ ಬಂದಲ್ಲಿಗೆ ತಲುಪುವಷ್ಟರಲ್ಲಿ ಜನ ಪೊಂಗಲ್ಲಿಗೆ ಏಳತೊಡಗಿದ್ದರು. ಮುಂದಿನ ಸಾಲಲ್ಲಿ ಉಳಿದವರು ಮಾಮಿ ಒಬ್ಬರೇ.

ಮೈಕ್ ಇಟ್ಟು ಅವರ ಪಕ್ಕ ಕೂತೆ.

"ಬಿಡಮ್ಮ, ಅವರಿಗೆ ಇದೆಲ್ಲ ಬೇಕಿರಲಿಲ್ಲ," ಎಂದು ಮಾಮಿ ನನ್ನ ಕೈ ಹಿಡಿದುಕೊಂಡರು.

"ನನಗೆ ಬೇಕಿತ್ತು ಮಾಮಿ," ಎಂದೆ.