ಹಾಡಿನೊಳಗಿನ ಕೆಮ್ಮು

ಈ ವಾರ ಮನುಕುಲ ಬೇರೆಲ್ಲ ಕೆಲಸ ಬದಿಗಿಟ್ಟು ಇತ್ಯರ್ಥ ಮಾಡಬೇಕಾದ ವಿಷಯ ಒಂದು ಕೆಮ್ಮು. ನಲವತ್ತು ವರ್ಷ ಹಳೆಯದು, ಗಂಡಸಿನದು, ಹಾಡೊಂದರ ಎರಡನೇ ಚರಣದ ಕೊನೆಯಲ್ಲಿದೆ. ಅದು ಇರಬೇಕೋ ಬೇಡವೋ ಎಂದು ಒಂದು ದೊಡ್ಡ ಕಂಪನಿಗೂ ಒಂದು ಮನೆಗೂ ಜಗಳ.

ಮನೆಯ ಸೊಸೆ ಅದೇ ಕಂಪನಿಯಲ್ಲಿ ಹಾಡು ಬೇಯಿಸುತ್ತಾರೆ. ತಮಾಷೆಯಲ್ಲ. ಬೆಳಕು ಹರಿಯುವ ಹೊತ್ತು. ಕಂಪನಿಯ ನೆಲಮಾಳಿಗೆಯಲ್ಲಿ, ಹಣ್ಣು ಒಣಗಿಸುವ ಪೆಟ್ಟಿಗೆಯ ಬಾಗಿಲು ತೆಗೆದು, ಸಣ್ಣ ಕಾವಿನಲ್ಲಿದ್ದ ಟೇಪಿನ ಸುರುಳಿಯನ್ನು ಹಸುಗೂಸಿನಂತೆ ಎತ್ತಿಕೊಳ್ಳುತ್ತಿದ್ದಾರೆ. ಹಳೆಯ ಟೇಪು ತೇವ ಕುಡಿದು ಅಂಟಾಗುತ್ತದೆ. ಹಾಗೇ ಓಡಿಸಿದರೆ ಹಾಡು ಸಿಪ್ಪೆಯಂತೆ ಸುಲಿದು ಬರುತ್ತದೆ. ಕಾಯಿಸಿದರೆ ಕೆಲವು ದಿನ ಬದುಕುತ್ತದೆ, ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಬೇಕು. ಎಲ್ಲರಿಗೂ ಇವರು ಟೇಪಕ್ಕ.

"ಮನೇಲಿ ಅನ್ನ ಸೀದ್ರೆ ಗಂಡ ಸುಮ್ನೆ ಉಣ್ತಾನೆ. ಇಲ್ಲಿ ಸೀದ್ರೆ ಸತ್ತೋರು ಎದ್ದು ಬಂದು ಕೇಳ್ತಾರೆ," ಎನ್ನುತ್ತಾರೆ.

ಜಗಳದ ಸುರುಳಿ ಅವರ ಮಾವನದು. ಮಾವ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಪುಟ್ಟ ಧ್ವನಿಮುದ್ರಣ ಸಂಸ್ಥೆ ನಡೆಸುತ್ತಿದ್ದರು. ದೊಡ್ಡ ಕಂಪನಿಯವರು ಬಾಗಿಲಿನಿಂದಲೇ ವಾಪಸು ಕಳಿಸಿದ ಗಂಟಲುಗಳೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದವು. ಇದ್ದದ್ದು ಒಂದೇ ಮೈಕು. ಗಟ್ಟಿ ದನಿಯವರು ಗೋಡೆಗೊರಗಿ ನಿಲ್ಲಬೇಕು, ಮೆಲುದನಿಯವರು ಮುಂದೆ. ಗಿರಣಿ ನಿಂತಾಗ ಹಾಡಬೇಕು. ಈ ಹಾಡು ಮುದ್ರಿಸಿದ ದಿನ ಹಿಟ್ಟಿನ ಧೂಳಿಗೆ ಮಾವ ಕೆಮ್ಮಿದರು. ಹಾಡುತ್ತಿದ್ದ ಅತ್ತೆ ಸ್ವರ ಬಿಡದೆ ಎಳೆದರು, ಪಿಟೀಲಿನವರು ನಗು ನುಂಗಿ ತಾಳದ ಒಂದು ಸುತ್ತು ಕಾದರು. ಆ ಎಳೆತವೇ ಜನಕ್ಕೆ ಹಿಡಿಸಿತು.

ಮಾವ ಹೋದ ಮೇಲೆ ದೊಡ್ಡ ಕಂಪನಿ ಸುರುಳಿಗಳನ್ನೆಲ್ಲ ಕೊಂಡಿತು. "ಲೋಕಕ್ಕೇ ಕೇಳಿಸ್ತೀವಿ" ಎಂದು ಹೇಳಿ, ಗೋದಾಮಿಗೆ ಹಾಕಿ ಬೀಗ ಜಡಿಯಿತು. ಹುಲ್ಲಿನ ಮೇಲೆ ಮಲಗಿ ತಾನೂ ತಿನ್ನದೆ ದನಕ್ಕೂ ಬಿಡದ ಕಥೆಯ ನಾಯಿಗಾದರೂ ಅದು ಹುಲ್ಲು ಎಂಬುದು ಗೊತ್ತಿತ್ತು. ಟೇಪಕ್ಕ ಇಲ್ಲಿ ಕೆಲಸಕ್ಕೆ ಸೇರಿದ್ದೇ ಅವು ಕೊಳೆಯದಿರಲೆಂದು.

ಈಗ ಹಾಡು ಬಿಡುಗಡೆಯಾಗಬೇಕಂತೆ, ಕೆಮ್ಮಿಲ್ಲದೆ.

"ಮ್ಯಾನೇಜರ್ ಹಾಡು ಕೇಳ್ಲೇ ಇಲ್ಲ. ಕಂಪ್ಯೂಟರ್ ಪರದೆ ಮೇಲಿನ ಸದ್ದಿನ ಗೆರೆ ನೋಡಿ, 'ಮೇಡಂ, ಈ ಚೂಪು ತೆಗೀರಿ' ಅಂದ್ರು. ಚೂಪಂತೆ! ಕೆಮ್ಮು ಹೋದ್ರೆ ಅತ್ತೆ ಯಾಕೆ ಎಳೀತಿದ್ದಾರೆ, ಪಿಟೀಲು ಯಾಕೆ ಕಾಯ್ತಿದೆ ಅಂತ ಯಾರಿಗೆ ಗೊತ್ತಾಗತ್ತೆ ಅಂದೆ. ಹಾಗಾದ್ರೆ ಅದನ್ನೂ ಕತ್ತರಿಸಿ ಅಂದ್ರು. ನೆಗಡಿ ಬಂತು ಅಂತ ಮೂಗು ಕೊಯ್ಯೋ ಜನ. ನಾನು ಮಾಡಲ್ಲ ಅಂದೆ," ಎನ್ನುತ್ತಾರೆ ಟೇಪಕ್ಕ.

ಬೇರೆಯವರಿಂದ ಮಾಡಿಸಿ, ಒಂದು ಪ್ರತಿಯನ್ನು ಮನೆಗೂ ಕಳಿಸಿದರು. ಒಪ್ಪಿಗೆಗಲ್ಲ, ಸೌಜನ್ಯಕ್ಕೆ. ಅತ್ತೆ ಮಂಚದ ಅಂಚಿನಲ್ಲಿ ಕೂತು ಕೇಳಿದರು. "ನನ್ನ ಹಾಡು ಹಾಳು ಮಾಡಿದ್ರಿ" ಎಂದು ಗಂಡನನ್ನು ಬದುಕಿದ್ದಷ್ಟು ದಿನವೂ, ಆಮೇಲೆ ಅವರ ಫೋಟೋವನ್ನೂ ಬೈದವರು ಅವರು.

"ಎಲ್ಲೇ ಅವರು?"

"ತೆಗೆದಿದ್ದಾರೆ ಅತ್ತೆ. ಗಲೀಜಂತೆ."

"ನನ್ನ ಗಂಡನ ಕೆಮ್ಮಿಗೆ ಬೈಯೋಳು ನಾನು. ನಡುವೆ ಇವರ್ಯಾರು? ಹಚ್ಚು ಫೋನು."

ಹಚ್ಚಿದರು. "ಕಾನೂನು ಪ್ರಕಾರ ಹಾಡು ನಮ್ಮದಮ್ಮ," ಎಂದಿತು ಆ ಕಡೆಯ ದನಿ, ಬಹಳ ವಿನಯದಿಂದ.

"ನಿಮ್ಮದಾದ್ರೆ ನೀವೇ ಹಾಡ್ಕೊಳ್ಳಿ," ಎಂದು ಅತ್ತೆ ಫೋನು ಕುಕ್ಕಿದರು.

ಟೇಪಕ್ಕ ಮುಂದಿನ ಸುರುಳಿಯನ್ನು ಪೆಟ್ಟಿಗೆಗೆ ಇಡುತ್ತಾರೆ. "ಅತ್ತೆ ಕಣ್ಮುಂದೆ ಇರೋವಾಗ್ಲೇ ಹಾಡು ಇದ್ದ ಹಾಗೆ ಬರ್ಲಿ ಅಂತಿತ್ತು. ಇಷ್ಟೇ ಕೇಳಿದ್ದು. ಕೆಮ್ಮೋಕೂ ಇವರಪ್ಪಣೆ ಬೇಕೇನು?"

ಹಾಡು ಶುಕ್ರವಾರ ಬಿಡುಗಡೆಯಾಯಿತು. ಕೆಮ್ಮಿಲ್ಲ, ಎಳೆತವೂ ಇಲ್ಲ.